ಸೈಕಲ್ ಪುಸ್ತಕ ಕೇಳಿದವರಿಗೆ

ಸೈಕಲ್ಲಿನ ಬಗ್ಗೆ ಒಳ್ಳೆಯ ಪುಸ್ತಕ ಉಂಟಾ ಅಂತ ಕೇಳಿದಿರಿ.
ಉಂಟು, ಕೂತುಕೊಳ್ಳಿ.
ಹೆಲ್ಮೆಟ್ಟನ್ನು ಪೇಪರಿನ ಮೇಲಿಡಿ, ಹಾರುವುದು ತಪ್ಪುತ್ತದೆ;
ನಮ್ಮ ಫ್ಯಾನಿಗೆ ಗೊತ್ತಿರುವುದು ಒಂದೇ ವೇಗ.
ಜೆಪ್ಪುವಿನ ಈ ಒಂದು ಕೋಣೆಯ ಲೈಬ್ರರಿಯಲ್ಲಿ
ಸೈಕಲ್ಲಿಗೆ ಸಿಕ್ಕಿದ್ದು ಅರ್ಧ ಹಲಗೆ.
ಐದಿದ್ದವು. ಒಂದಕ್ಕೆ ಗೆದ್ದಲು ಹಿಡಿಯಿತು,
ಸಂಚಾರ ನಿಯಮಗಳದ್ದು.
ಊರಿನ ಬಸ್ಸಿನವರೂ ಅದನ್ನೇ ತಿಂದು ಮುಗಿಸಿದ್ದಾರೆ ಬಿಡಿ.

ಮೊದಲು ಈ ದಪ್ಪದ್ದು ನೋಡಿ.
ಭೂಮಿ ಸುತ್ತಿ ಬಂದವನೊಬ್ಬ ಬರೆದದ್ದು.
ಮರಳು, ಮಂಜು, ಗಡಿಯ ಪೊಲೀಸರು,
ಹೆಸರು ಕೇಳದೆ ಗಂಜಿ ಕೊಟ್ಟ ಮುದುಕಿ.
ನೂರ ಹನ್ನೆರಡನೇ ಪುಟದ ಅಂಚಿನಲ್ಲಿ
ಪೆನ್ಸಿಲಿನ ಸಣ್ಣ ಅಕ್ಷರ:
‘ಇವನ ಕ್ಯಾರಿಯರಿನಲ್ಲಿ ಭಾರ ಇಲ್ಲ.
ಹಾಗಾಗಿ ಇಷ್ಟು ಯೋಚನೆ.’

ಬರೆದವರು ಲಿಗೋರಿ ಪೊರ್ಬು.
ಮೂವತ್ತೆಂಟು ವರ್ಷ ಬೆಳಗಿನ ನಾಲ್ಕೂವರೆಗೆ
ಬೇಕರಿಯ ಹಿಂಬಾಗಿಲು, ಬೆತ್ತದ ಬುಟ್ಟಿ, ಬಿಸಿ ಉಂಡೆ ಬ್ರೆಡ್ಡು;
ಮೋರ್ಗನ್ಸ್ ಗೇಟ್, ವೆಲೆನ್ಸಿಯಾ, ಕಂಕನಾಡಿ, ಫಳ್ನೀರು,
ಚಡಾವಿನಲ್ಲಿ ಇಳಿದು ನೂಕುವುದು,
ಇಳಿಜಾರಿನಲ್ಲಿ ದೇವರನ್ನು ನೆನೆಯುವುದು.
ಆಮೇಲೊಂದು ದಿನ ಕಿವಿಯೊಳಗೆ ಏನೋ ತಪ್ಪಿ
ಇಡೀ ರಸ್ತೆ ತಿರುಗಿ, ಬ್ರೆಡ್ಡೆಲ್ಲ ಚರಂಡಿಗೆ.
ಸೈಕಲ್ ಬೇಡ ಅಂದರು ಡಾಕ್ಟ್ರು.
‘ಅದರ ಬಗ್ಗೆ ಓದಬಹುದಾ?’
ಅಂತ ಕೇಳಿದರಂತೆ ಇವರು.

ಲೈಬ್ರರಿ ಪುಸ್ತಕದಲ್ಲಿ ಗೀಚುವುದು ತಪ್ಪು.
ಗದರಿಸಿದೆ, ಹತ್ತು ರೂಪಾಯಿ ದಂಡ ಹಾಕಿದೆ.
ರಸೀದಿ ಮಡಚಿ ಕಿಸೆಗಿಟ್ಟು
ಮತ್ತೂ ಹತ್ತು ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು:
‘ಮುಂದಿನ ಸಲದ್ದು.’

ಇದು ರಿಪೇರಿಯದ್ದು. ಚೈನು, ಗೇರು, ಬಾಲ್ ಬೇರಿಂಗು,
ಬಿಡಿಸಿದ ಚಿತ್ರಗಳು ಎಷ್ಟು ಚಂದ ಅಂದರೆ
ನನಗೆ ಸೈಕಲ್ಲೇ ಬಾರದಿದ್ದರೂ ಆಗಾಗ ತೆರೆಯುತ್ತೇನೆ.
ಹದಿನೇಳು ಹತ್ಯಾರುಗಳ ಪಟ್ಟಿಯ ಕೆಳಗೆ ಅವರದ್ದು:
‘ಬಂದರಿನ ಇದಿನಬ್ಬನ ಹತ್ತಿರ ಇದ್ದದ್ದು ಎರಡು.
ಒಂದು ಮೊಳೆ ಹೊಡೆಯಲಿಕ್ಕೂ ಆಗುತ್ತಿತ್ತು.’

ರೇಸಿನ ಪುಸ್ತಕ ನಿಮ್ಮಂಥವರಿಗೆ ಹಿಡಿಸಬಹುದು.
ಹೊರಗೆ ನಿಲ್ಲಿಸಿದ್ದು ನಿಮ್ಮದೇ ಅಲ್ವಾ,
ಮಡ್‌ಗಾರ್ಡೂ ಇಲ್ಲದ್ದು?
ಇಪ್ಪತ್ತೊಂದು ದಿನ ಬೆಟ್ಟ ಹತ್ತಿ ಇಳಿದು
ಕೊನೆಗೆ ನಾಲ್ಕು ಸೆಕೆಂಡಿನಲ್ಲಿ ಗೆದ್ದವನ ಕತೆ.
ಲಿಗೋರಿ ಪೊರ್ಬುಗಳು ಒಪ್ಪಿದರು, ಒಪ್ಪಿಯೂ ಕೇಳಿದರು:
‘ಗೆದ್ದದ್ದು ಸರಿ.
ಆಚೆ ಕಡೆ ಯಾರಾದರೂ ಚಹಾ ಇಟ್ಟುಕೊಂಡು
ಕಾಯುತ್ತಿದ್ದರಾ?’

ನನ್ನನ್ನು ಕೇಳಿದರೆ ಒಳ್ಳೆಯದು ನಾಲ್ಕನೆಯದು.
ತೆಳ್ಳಗಿನದು, ಮುಖಪುಟವೂ ಕಿತ್ತುಹೋದದ್ದು.
ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಹೆಂಗಸೊಬ್ಬಳು
ಶಾಲೆಯ ಮೈದಾನದಲ್ಲಿ, ಕತ್ತಲಾದ ಮೇಲೆ,
ಬಾಡಿಗೆ ಸೈಕಲ್ಲಿನಲ್ಲಿ ಕಲಿತದ್ದು.
ಅಷ್ಟೇ. ಎಲ್ಲಿಗೂ ಹೋಗುವುದಿಲ್ಲ ಅವಳು,
ಮೈದಾನಕ್ಕೆ ಸುತ್ತು ಬರುತ್ತಾಳೆ.
ಪುಸ್ತಕ ಹಿಂದೆ ಬಂದಾಗ ರಬ್ಬರು ಹಿಡಿದು ಹುಡುಕಿದೆ:
ಒಂದು ಗೆರೆ ಇಲ್ಲ, ಒಂದು ಜಗಳ ಇಲ್ಲ.
ಕೊನೆಯ ಖಾಲಿ ಹಾಳೆಯಲ್ಲಿ ಮಾತ್ರ,
ಸೀಸ ಒತ್ತಿ ಒತ್ತಿ:
‘ಸೆರಾಫಿನ್ ಕೇಳಿದ್ದಳು, ಮದುವೆಯಾದ ವರ್ಷ.
ನಾನು ನಗಾಡಿದೆ.’

ಆ ಸಲ ದಂಡ ಹಾಕಲಿಲ್ಲ.
ಮುಂಗಡದ ಹತ್ತು ರೂಪಾಯಿ ಡ್ರಾವರಿನಲ್ಲಿ ಹಾಗೇ ಉಂಟು.

ಅದೊಂದು ಈಗ ನಿಮಗೆ ಸಿಗುವುದಿಲ್ಲ.
ಮತ್ತೆ ಒಯ್ದಿದ್ದಾರೆ.
ಸೋಮವಾರ ಅವಧಿ ಮುಗಿಯಿತು, ಬಂದದ್ದು ಅವರಲ್ಲ,
ಸೆರಾಫಿನ್ ಬಾಯಿ. ಅರವತ್ತಾದರೂ ಆಗಿರಬೇಕು.
‘ಇನ್ನು ಹದಿನೈದು ದಿನ ಬೇಕಿತ್ತು’ ಅಂದರು.
ಮೊಣಕೈಗೆ ಕೆಂಪು ಮದ್ದು ಬಳಿದಿತ್ತು,
ಸೀರೆಯ ಅಂಚಿನಲ್ಲಿ ಚೈನಿನ ಎಣ್ಣೆ.
ನಾನು ಏನೂ ಕೇಳಲಿಲ್ಲ,
ತಾರೀಕಿನ ಮುದ್ರೆ ಒತ್ತಿದೆ.

ನೀವು ಈ ಮೂರು ಒಯ್ಯಿರಿ.
ಇಲ್ಲಿ ರುಜು ಹಾಕಿ, ಇಲ್ಲಿ ಫೋನ್ ನಂಬರು.
ಅಂಚಿನಲ್ಲಿ ಜಾಗ ಇನ್ನೂ ಉಂಟು.
ಪೆನ್ನು ಮಾತ್ರ ಬೇಡ.